ಆ್ಯಪ್‌ನ ಮೊದಲ ಕರಡನ್ನು ಪೆನ್ಸಿಲ್‌ನಲ್ಲಿ ಬರೆದು ತೋಟದವರಿಗೆ ತೋರಿಸಬಹುದೇ?

ಗಿರಿಸಾಲು, ಚಿಕ್ಕಮಗಳೂರು | ಭಾನುವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಸಣ್ಣ ಮಟ್ಟದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ಕಳೆದ ವರ್ಷ ಕಾಫಿ ತೋಟವೊಂದಕ್ಕೆ ಹಾಜರಿ, ಕೊಯ್ಲಿನ ತೂಕ, ಮಳೆ ಲೆಕ್ಕ, ಬಟವಾಡೆ ಇವಿಷ್ಟನ್ನೂ ಒಂದೇ ಕಡೆ ಬರೆದಿಡುವ ಮೊಬೈಲ್ ಆ್ಯಪ್ ಮಾಡಿಕೊಟ್ಟೆವು. ಕೋಡ್ ಬರೆಯುವ ಮೊದಲು ಸ್ಕ್ರೀನ್ ವಿನ್ಯಾಸ ಮಾಡುವ ಫಿಗ್ಮಾ ತಂತ್ರಾಂಶದಲ್ಲಿ 34 ಸ್ಕ್ರೀನ್‌ಗಳನ್ನು ಬಣ್ಣ, ನೆರಳು, ಐಕಾನ್ ಸಮೇತ ಸಿದ್ಧಪಡಿಸಿ, ಬಂಗಲೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಮಾಲೀಕರಿಗೂ ತೋಟದ ಲೆಕ್ಕ ಬರೆಯುವ ರೈಟರಿಗೂ ಇಬ್ಬರು ಮೇಸ್ತ್ರಿಗಳಿಗೂ ತೋರಿಸಿದೆವು. ಒಂದೂವರೆ ಗಂಟೆಯ ಮಾತುಕತೆಯಲ್ಲಿ ಹಸಿರು ಇನ್ನೂ ಸ್ವಲ್ಪ ಗಾಢವಾಗಲಿ, ತೋಟದ ಹೆಸರು ದೊಡ್ಡದಾಗಿ ಕಾಣಲಿ, ಮೇಲ್ಗಡೆ ಕಾಫಿ ಹಣ್ಣಿನ ಚಿತ್ರವೊಂದಿರಲಿ ಎಂಬ ಸಲಹೆಗಳಷ್ಟೇ ಬಂದವು. ರೈಟರ್ ಅವರಂತೂ "ಬಾಳ ಚೆನ್ನಾಗಿದೆ ಸಾರ್" ಎಂದು ಹೇಳಿ ಕೈಕಟ್ಟಿ ನಿಂತುಬಿಟ್ಟರು.

ಆರು ತಿಂಗಳು ಕೂತು ಮಾಡಿದ ಆ್ಯಪನ್ನು ಹದಿನೈದು ದಿನ ಬಳಸಿ, ಅವರು ಮತ್ತೆ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಕ್ಕೇ ಮರಳಿದರು. ದುಡ್ಡು ಪೂರ್ತಿ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ಆಲ್ದೂರು ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಇಂಥದ್ದೇ ಇನ್ನೊಂದನ್ನು ಕೇಳಿದ್ದಾರೆ. ಈ ಸಲ ಬಣ್ಣದ ಸ್ಕ್ರೀನ್ ಬೇಡ, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿಕೊಂಡು ಹೋಗೋಣ ಎಂಬುದು ನನ್ನ ಗೆಳೆಯನ ವಾದ. "ಇವರಿಗೆ ಕೆಲಸ ಬರುವುದಿಲ್ಲ, ಮಕ್ಕಳಾಟ ಆಡುತ್ತಿದ್ದಾರೆ" ಎಂದು ಹಿರಿಯರು ಅಂದುಕೊಂಡಾರು ಎಂಬುದು ನನ್ನ ಅಳುಕು. ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಸಕಲೇಶಪುರ_ಕೋಡ್ | ಭಾನುವಾರ ರಾತ್ರಿ 10.02

ಕಾಗದದ ಕಾಲ ಮುಗಿಯಿತು ಎಂಬುದು ನನ್ನ ಅಭಿಪ್ರಾಯ. ಒತ್ತಿದರೆ ಮುಂದಿನ ಪುಟಕ್ಕೆ ಹೋಗುವ ಸ್ಕ್ರೀನ್ ಮಾಡಲು ವಾರಗಟ್ಟಲೆ ಬೇಕಾಗುತ್ತಿದ್ದಾಗ ಕಾಗದಕ್ಕೆ ಅರ್ಥವಿತ್ತು. ಈಗ ಬೇಕಾದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟರೆ ಎಐ ಹತ್ತು ನಿಮಿಷದಲ್ಲಿ ಓಡುವ ಸ್ಕ್ರೀನನ್ನೇ ಕೈಗಿಡುತ್ತದೆ. ನಿಜವಾದ ಫೋನಿನಲ್ಲಿ ನಿಜವಾದ ಬಟನ್ ಒತ್ತಿಸುವ ಅವಕಾಶವಿರುವಾಗ ಪೆನ್ಸಿಲ್ ಕೆತ್ತುತ್ತಾ ಕೂರುವುದು ನನಗೆ ವ್ರತದಂತೆ ಕಾಣುತ್ತದೆ.

ಹಾಸನದ_ಮೇಷ್ಟ್ರು | ಸೋಮವಾರ ಬೆಳಗ್ಗೆ 6.35

ಗಿರಿಸಾಲು ಅವರೇ, ಅಂದು ರೈಟರ್ ನಿಮಗೆ ಸುಳ್ಳು ಹೇಳಲಿಲ್ಲ. ಮಾಲೀಕರ ಜಗಲಿಯಲ್ಲಿ, ಮಾಲೀಕರ ದುಡ್ಡಿನಲ್ಲಿ ಆಗಲೇ ತಯಾರಾಗಿ ಬಂದಂತೆ ಕಾಣುವ ವಸ್ತುವಿಗೆ ನಾಲ್ಕು ಜನರ ಎದುರು ಕೊಂಕು ತೆಗೆಯುವುದು ನಮ್ಮ ಕಡೆ ಮರ್ಯಾದೆಯ ಮಾತಲ್ಲ. ಬಣ್ಣದ ಬಗ್ಗೆ ಮಾತಾಡಿದರೆ ಯಾರಿಗೂ ನೋವಾಗುವುದಿಲ್ಲವಾದ್ದರಿಂದ ಎಲ್ಲರೂ ಬಣ್ಣದ ಬಗ್ಗೆಯೇ ಮಾತಾಡಿದರು. ನೀವು ತೋರಿಸಿದ ಸ್ಕ್ರೀನೇ ಅವರನ್ನು ಆ ಕಡೆಗೆ ತಿರುಗಿಸಿತು. ನೋಡುವವರು ತಮ್ಮ ಕಣ್ಣಿಗೆ ಬಿದ್ದದ್ದರ ಬಗ್ಗೆ ಮಾತಾಡುತ್ತಾರೆ, ಮತ್ತು ನೀವು ಹಸಿರು ಬಣ್ಣವನ್ನು ಕಣ್ಣಿಗೆ ಬೀಳಿಸಿದ್ದಿರಿ.

ಸಕಲೇಶಪುರದವರು ವೇಗದ ಮಾತೆತ್ತಿದ್ದಾರೆ, ಅದನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ. ಕಾಗದ ಬೇಗ ಆಗುತ್ತದೆ ಎಂಬುದು ಹಿಂದೆ ದೊಡ್ಡ ಕಾರಣವಾಗಿತ್ತು, ಈಗ ಅದು ಹೋಯಿತು. ಆದರೆ ಎಐ ಹತ್ತು ನಿಮಿಷದಲ್ಲಿ ಕೊಡುವುದು ಮುಗಿದ ಕೆಲಸದ ವೇಷ ತೊಟ್ಟ ಸ್ಕ್ರೀನ್. ನಿಮಗೆ ಹತ್ತು ನಿಮಿಷ ಹಿಡಿಯಿತು ಎಂಬುದು ಎದುರಿಗಿರುವವರಿಗೆ ಗೊತ್ತಾಗುವುದಿಲ್ಲ. ಅವರ ಕಣ್ಣಿಗೆ ಅದು ಆರು ತಿಂಗಳ ಶ್ರಮವೇ.

ಮೊದಲು ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು: ಈ ಮಾದರಿಯಿಂದ ನನಗೆ ಏನು ತಿಳಿಯಬೇಕಾಗಿದೆ? ಜೆಫ್ ಹಾಕಿನ್ಸ್ ಅವರ ಮರದ ತುಂಡಿನ ಕಥೆಯನ್ನು ಹಲವರು ಕೇಳಿರುತ್ತೀರಿ. 1996ರಲ್ಲಿ ಪೈಲಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಕೈಗಣಕವನ್ನು ರೂಪಿಸುವ ಮೊದಲು, ಅವರು ಅಂಗಿಯ ಜೇಬಿಗೆ ಹಿಡಿಯುವಷ್ಟು ಅಳತೆಯ ಮರದ ತುಂಡೊಂದನ್ನು ಕತ್ತರಿಸಿಕೊಂಡು, ಅದಕ್ಕೆ ಬಟನ್‌ಗಳ ಚಿತ್ರವಿದ್ದ ಕಾಗದ ಅಂಟಿಸಿ, ಹೋದಲ್ಲೆಲ್ಲ ಒಯ್ಯುತ್ತಿದ್ದರು. ಯಾರಾದರೂ ಭೇಟಿಗೆ ಬಿಡುವಿದೆಯೇ ಎಂದು ಕೇಳಿದರೆ ಮರದ ತುಂಡನ್ನು ಹೊರತೆಗೆದು ದಿನಚರಿ ನೋಡಿದ ಹಾಗೆ ನಟಿಸುತ್ತಿದ್ದರು. ಅದರಲ್ಲಿ ವಿದ್ಯುತ್ತೂ ಇರಲಿಲ್ಲ, ಪರದೆಯೂ ಇರಲಿಲ್ಲ. ಆದರೆ ಇದು ಜೇಬಿನಲ್ಲಿ ಭಾರವಾಗುತ್ತದೆಯೇ, ದಿನಕ್ಕೆ ಎಷ್ಟು ಸಲ ಕೈ ಅದರ ಕಡೆಗೆ ಹೋಗುತ್ತದೆ, ಹೋದಾಗ ಯಾವುದಕ್ಕಾಗಿ ಹೋಗುತ್ತದೆ ಎಂಬುದನ್ನು ತಿಳಿಯಲು ಮರವೇ ಸಾಕಾಗಿತ್ತು. ಅಳತೆ ಮಾತ್ರ ನಿಖರವಾಗಿತ್ತು, ಉಳಿದದ್ದೆಲ್ಲ ಒರಟು.

ನಿಮ್ಮ ಕೆಲಸಕ್ಕೂ ಇದೇ ಲೆಕ್ಕ ಹಾಕಿಕೊಳ್ಳಿ. ಯಾವುದನ್ನು ತಿಳಿಯಬೇಕೋ ಅದು ನಿಜವಾಗಿರಲಿ, ಮಿಕ್ಕದ್ದು ಗೀಚಿದ ಹಾಗಿರಲಿ. ವಿದ್ಯಾರ್ಥಿಗಳು ಇಲ್ಲಿಯೇ ಎಡವುವುದನ್ನು ಪ್ರತಿ ವರ್ಷ ನೋಡುತ್ತೇನೆ: ಗೆರೆಗಳನ್ನು ಸ್ಕೇಲ್ ಹಿಡಿದು ಎಳೆಯುತ್ತಾರೆ, ಒಳಗೆ "ಹೆಸರು 1, ಹೆಸರು 2, ತೂಕ: 00" ಎಂದು ತುಂಬಿಸುತ್ತಾರೆ. ಅದು ತಿರುಗುಮುರುಗಾಗಬೇಕು. ಗೆರೆ ಸೊಟ್ಟಗಿದ್ದರೆ ನಷ್ಟವಿಲ್ಲ. ಒಳಗಿನ ಹೆಸರು, ಅಂಕಿ ಮಾತ್ರ ಕಳೆದ ವರ್ಷದ ಪುಸ್ತಕದಿಂದಲೇ ಎತ್ತಿದ್ದಾಗಿರಲಿ. ಸುಳ್ಳು ಅಂಕಿಯ ಎದುರು ಯಾವ ರೈಟರಿಗೂ ತಪ್ಪು ಕಾಣುವುದಿಲ್ಲ.

ಮಕ್ಕಳಾಟದ ಅಳುಕಿನ ಬಗ್ಗೆಯೂ ಒಂದು ಮಾತು. 1980ರ ದಶಕದ ಆರಂಭದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಯುಟೋಪಿಯಾ ಎಂಬ ಯೋಜನೆ ನಡೆಯಿತು. ಪತ್ರಿಕೆಗಳ ಪುಟ ಕಟ್ಟುವ ಕಾರ್ಮಿಕರು ತಮ್ಮ ಕೆಲಸಕ್ಕೆ ಬರಲಿದ್ದ ಕಂಪ್ಯೂಟರ್ ಹೇಗಿರಬೇಕೆಂದು ಸಂಶೋಧಕರ ಜೊತೆ ಕೂತು ರೂಪಿಸಿದ ಆ ಯೋಜನೆಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಲೇಸರ್ ಪ್ರಿಂಟರ್ ಎಂದು ಬರೆದು ಮೇಜಿನ ಮೇಲಿಟ್ಟು, ಅದು ಇದ್ದಂತೆಯೇ ಕೆಲಸ ಮಾಡಿ ನೋಡಿದರು. ಯೂನಿಯನ್ನಿನ ನುರಿತ ಕಾರ್ಮಿಕರು ಅದನ್ನು ಆಟವೆಂದು ಎದ್ದುಹೋಗಲಿಲ್ಲ. ರಟ್ಟನ್ನು ಯಾರು ಬೇಕಾದರೂ ಕತ್ತರಿಸಬಹುದಾಗಿತ್ತು, ಕಂಪ್ಯೂಟರನ್ನು ಮುಟ್ಟಲು ಎಂಜಿನಿಯರೇ ಬೇಕಾಗಿತ್ತು.

ತೋಟದ_ರೈಟರ್ | ಸೋಮವಾರ ರಾತ್ರಿ 8.50

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರೈಟರ್ ಆಗಿದ್ದೇನೆ. ಗಿರಿಸಾಲು ಸರ್ ಹೇಳಿದ ತೋಟ ನಮ್ಮದಲ್ಲ, ಆದರೆ ಆ ಜಗಲಿಯಲ್ಲಿ ಕೈಕಟ್ಟಿ ನಿಂತಿದ್ದವನು ನಾನೇ ಎನ್ನುವಷ್ಟು ಪರಿಚಿತವಾಗಿದೆ.

ನಮ್ಮಲ್ಲಿ ಎರಡು ಪುಸ್ತಕಗಳಿರುತ್ತವೆ. ತೂಕದ ಹತ್ತಿರ ಜೇಬಿನಲ್ಲಿಟ್ಟುಕೊಳ್ಳುವುದು ಕಚ್ಚಾ ಪುಸ್ತಕ, ರಾತ್ರಿ ಆಫೀಸಿನಲ್ಲಿ ಕೂತು ಬರೆಯುವುದು ಪಕ್ಕಾ ಚೆಕ್‌ರೋಲ್. ಕಚ್ಚಾ ಪುಸ್ತಕದಲ್ಲಿ ಪೆನ್ಸಿಲ್ಲಿನ ಬರಹವಿರುತ್ತದೆ, ಹಾಳೆಗೆ ಹಣ್ಣಿನ ಅಂಟು ಮೆತ್ತಿಕೊಂಡಿರುತ್ತದೆ, ಮೇಸ್ತ್ರಿಯೂ ಬಗ್ಗಿ ನೋಡಿ "ಇದು ತಪ್ಪು, ಆಕೆ ಮಧ್ಯಾಹ್ನದ ಮೇಲೆ ಬಂದದ್ದು, ಅರ್ಧ ಹಾಜರಿ ಹಾಕಿ" ಎಂದು ಬೆರಳಿಟ್ಟು ಹೇಳುತ್ತಾನೆ. ಪಕ್ಕಾ ಪುಸ್ತಕಕ್ಕೆ ಯಾರೂ ಬೆರಳಿಡುವುದಿಲ್ಲ. ಅದರಲ್ಲಿ ಒಂದು ಅಂಕಿ ಹೊಡೆದುಹಾಕಿದರೆ ಪಕ್ಕದಲ್ಲಿ ಸಹಿ ಮಾಡಬೇಕು. ನೀವು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದು ಪಕ್ಕಾ ಪುಸ್ತಕ, ಸರ್.

ಅವರು ಆ್ಯಪ್ ಬಿಟ್ಟು ಚೆಕ್‌ರೋಲಿಗೆ ಯಾಕೆ ಮರಳಿದರು ಎಂಬುದನ್ನೂ ಊಹಿಸಬಲ್ಲೆ. ಚೆಕ್‌ರೋಲಿನ ಒಂದು ಹಾಳೆ ಬಿಡಿಸಿದರೆ ಎಡಕ್ಕೆ ಹೆಸರುಗಳು, ಮೇಲೆ 1ರಿಂದ 31ರವರೆಗೆ ತಾರೀಖು, ತಿಂಗಳಿಡೀ ಯಾರು ಬಂದರು ಯಾರು ಬರಲಿಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಒಬ್ಬಾಕೆ ಮೂರು ದಿನ ಸತತ ಬಂದಿಲ್ಲವೆಂದರೆ ಸಾಲಿನಲ್ಲಿ ಮೂರು ಮನೆ ಖಾಲಿ ಕಾಣುತ್ತವೆ. ಕಾರ್ಮಿಕರ ಮನೆಗಳಿರುವ ಲೈನಿಗೆ ಹೋಗಿ ಮೈ ಹುಷಾರಿಲ್ಲವೇ ಎಂದು ವಿಚಾರಿಸುತ್ತೇವೆ. ಫೋನಿನಲ್ಲಿ ಎಂಟು ಹೆಸರು ಕಂಡರೆ ಹೆಚ್ಚು, ಅದೂ ಇವತ್ತಿನದು ಮಾತ್ರ.

ಇನ್ನೊಂದು ವಿನಂತಿ. ಕಾಗದ ತಂದರೂ ಸಾಹುಕಾರರ ಎದುರಿಗೆ ತೋರಿಸಬೇಡಿ. ಅವರಿಗೆ ಬೇರೆಯಾಗಿ ತೋರಿಸಿ. ತೂಕದ ಜಾಗಕ್ಕೆ ಬನ್ನಿ, ಸಂಜೆ ನಾಲ್ಕೂವರೆಯ ಮೇಲೆ.

ಬೇಲೂರು_ಬಳಪ | ಸೋಮವಾರ ರಾತ್ರಿ 9.25

ರೈಟರ್ ಅವರ ಮಾತು ಓದಿ ನಮ್ಮೂರಿನ ದೇವಸ್ಥಾನ ನೆನಪಾಯಿತು. ಹೊಯ್ಸಳ ಶಿಲ್ಪಿಗಳೂ ಮೊದಲು ಕಲ್ಲನ್ನು ಒರಟಾಗಿ ಕಡಿದು ನಿಲ್ಲಿಸಿ, ಆಮೇಲೆ ತಾನೇ ಸೂಕ್ಷ್ಮ ಕೆತ್ತನೆಗೆ ಕೈಹಾಕಿದ್ದು? ಒರಟು ಮಾದರಿ ನಮಗೆ ಹೊಸದೇನಲ್ಲ.

ಹಾಸನದ_ಮೇಷ್ಟ್ರು | ಸೋಮವಾರ ರಾತ್ರಿ 9.41

ಹೋಲಿಕೆ ಕೇಳಲು ಚೆಂದ, ಆದರೆ ಇಲ್ಲಿಗೆ ಹೊಂದುವುದಿಲ್ಲ ಸ್ವಾಮಿ. ಒರಟಾಗಿ ಕಡಿದ ಕಲ್ಲು ಮುಂದೆ ಅದೇ ವಿಗ್ರಹವಾಗುತ್ತದೆ. ಬಳಪದ ಕಲ್ಲು ಎಷ್ಟೇ ಮೆದುವಾಗಿದ್ದರೂ ಒಮ್ಮೆ ಹಾರಿದ ಚಕ್ಕೆ ಮತ್ತೆ ಕೂರುವುದಿಲ್ಲ. ನಾವು ಹೇಳುತ್ತಿರುವ ಒರಟು ಮಾದರಿಯನ್ನು ಕೆಲಸ ಮುಗಿದ ಮೇಲೆ ಒಲೆಗೆ ಹಾಕಬೇಕು. ಅದನ್ನೇ ತಿದ್ದಿ ತೀಡಿ ಆ್ಯಪ್ ಮಾಡಲು ಹೊರಟವರು ಮೊದಲ ದಿನದ ತಪ್ಪನ್ನೂ ಜೊತೆಗೆ ಹೊತ್ತುಕೊಂಡು ಹೋಗುತ್ತಾರೆ. ಎಐ ಹತ್ತು ನಿಮಿಷದಲ್ಲಿ ಕೊಟ್ಟದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಯಾಕೆಂದರೆ ಅದು ಓಡುತ್ತದೆ.

ಡೈರಿ_ಲೆಕ್ಕ, ಚನ್ನರಾಯಪಟ್ಟಣ | ಮಂಗಳವಾರ ಬೆಳಗ್ಗೆ 10.15

ಎಲ್ಲರೂ ಕಾಗದವನ್ನು ಹೊಗಳುತ್ತಿರುವುದರಿಂದ ನನ್ನ ಸೋಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಹಳ್ಳಿಯೊಂದರ ಹಾಲಿನ ಡೈರಿಗೆ ನಾನು ಸಾಫ್ಟ್‌ವೇರ್ ಮಾಡಿದ್ದೆ. ರೈತರ ಸಂಖ್ಯೆ, ಹಾಲಿನ ಅಳತೆ, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಷ್ಟನ್ನು ದಾಖಲಿಸಿ ಚೀಟಿ ಕೊಡುವ ಕೆಲಸ. ಕಾಗದದ ಮೇಲೆ ಎಲ್ಲವನ್ನೂ ಬರೆದು, ಮಧ್ಯಾಹ್ನ ಬಿಡುವಿನಲ್ಲಿ ಕಾರ್ಯದರ್ಶಿಯವರ ಜೊತೆ ಕೂತು, ಹತ್ತು ಜನ ರೈತರ ಹಾಲು ಹಾಕಿಸಿಕೊಂಡಂತೆ ಆಡಿ ನೋಡಿದೆವು. ಯಾವ ಅಂಕಿ ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಅಲ್ಲಿಯೇ ಸರಿಹೋಯಿತು. ಇಬ್ಬರಿಗೂ ಸಂತೋಷವಾಯಿತು.

ನಿಜವಾದ ಡೈರಿಯಲ್ಲಿ ಬೆಳಗ್ಗೆ ಆರೂವರೆಗೆ ಬಾಗಿಲಿನಿಂದ ರಸ್ತೆಯವರೆಗೆ ಕ್ಯಾನು ಹಿಡಿದ ಸಾಲು ನಿಂತಿರುತ್ತದೆ, ಹಾಲಿನ ಗಾಡಿ ಬರುವ ಹೊತ್ತು ಹತ್ತಿರವಾಗುತ್ತಿರುತ್ತದೆ. ನನ್ನ ಸ್ಕ್ರೀನಿನಲ್ಲಿ ಒಬ್ಬ ರೈತರ ಲೆಕ್ಕ ಮುಗಿಸಲು ಮೂರು ಸಲ "ಸರಿ" ಒತ್ತಬೇಕಿತ್ತು. ಕಾಗದದಲ್ಲಿ ಆ "ಸರಿ" ಒತ್ತಿದಾಗ ಮುಂದಿನ ಹಾಳೆಯನ್ನು ನಾನೇ ಬದಲಿಸುತ್ತಿದ್ದೆ, ನಗುತ್ತಾ, ಮಾತಾಡುತ್ತಾ. ಅದಕ್ಕೆ ಹಿಡಿಯುತ್ತಿದ್ದ ಹೊತ್ತು ಇಬ್ಬರ ಗಮನಕ್ಕೂ ಬರಲಿಲ್ಲ. ಸಾಲಿನಲ್ಲಿ ನಿಂತವರ ಗಮನಕ್ಕೆ ಮಾತ್ರ ಎರಡನೆಯ ದಿನವೇ ಬಂತು. ಕಾಗದಕ್ಕೆ ಗಡಿಯಾರ ಕಟ್ಟಲಾಗುವುದಿಲ್ಲ ಎಂಬುದು ನನಗೆ ಅಂದು ಗೊತ್ತಾಯಿತು.

ಹಾಗೆಂದು ಕಾಗದವನ್ನು ಬಿಟ್ಟಿಲ್ಲ. ಏನು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕು, ಯಾವ ಪದ ಬಳಸಬೇಕು ಎಂಬುದಕ್ಕೆ ಕಾಗದ ಹಿಡಿಯುತ್ತೇನೆ. ವೇಗಕ್ಕೆ, ಬೆರಳಿನ ತಪ್ಪಿಗೆ, ಕನ್ನಡ ಕೀಬೋರ್ಡಿನ ಪರದಾಟಕ್ಕೆ ಫೋನನ್ನೇ ಹಿಡಿಯುತ್ತೇನೆ.

ಸಕಲೇಶಪುರ_ಕೋಡ್ | ಮಂಗಳವಾರ ಮಧ್ಯಾಹ್ನ 1.20

ಡೈರಿ ಮೇಡಂ ಹೇಳಿದ್ದೇ ನನ್ನ ಮಾತು ಕೂಡ. ತೋಟದಲ್ಲಿ ಕೈ ಒದ್ದೆಯಾಗಿರುತ್ತದೆ, ಬಿಸಿಲಿಗೆ ಪರದೆ ಕಾಣುವುದಿಲ್ಲ, ಅರ್ಧ ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಇದ್ಯಾವುದೂ ಕಾಗದದಲ್ಲಿ ಬರುವುದಿಲ್ಲ. ಅಲ್ಲದೆ ಮುಂದಿನ ದಾರಿ ಧ್ವನಿಯದ್ದು. ಮೇಸ್ತ್ರಿ "ಲಕ್ಷ್ಮಿ, ನಲವತ್ತೆಂಟೂವರೆ" ಎಂದು ಹೇಳಿದರೆ ಸಾಕು, ಫೋನೇ ಬರೆದುಕೊಳ್ಳಬೇಕು. ಅದನ್ನು ಪೆನ್ಸಿಲ್‌ನಲ್ಲಿ ಹೇಗೆ ಗೀಚುತ್ತೀರಿ?

ಹಾಸನದ_ಮೇಷ್ಟ್ರು | ಮಂಗಳವಾರ ರಾತ್ರಿ 9.05

ಪೆನ್ಸಿಲ್‌ನಲ್ಲಿ ಆಗುವುದಿಲ್ಲ, ಮನುಷ್ಯರಿಂದ ಆಗುತ್ತದೆ. ಐಬಿಎಂನ ಜಾನ್ ಗೌಲ್ಡ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಮಾತನ್ನು ಕೇಳಿ ಪತ್ರವನ್ನು ತಾನೇ ಟೈಪ್ ಮಾಡುವ ಯಂತ್ರವಿದ್ದರೆ ಜನ ಅದನ್ನು ಹೇಗೆ ಬಳಸಿಯಾರು ಎಂದು ಅವರಿಗೆ ತಿಳಿಯಬೇಕಿತ್ತು; ಅಂಥ ಯಂತ್ರ ಆಗಿನ್ನೂ ಇರಲಿಲ್ಲ. ಆದ್ದರಿಂದ ಬೇರೆ ಕೋಣೆಯಲ್ಲಿ ಬೆರಳಚ್ಚುಗಾರರೊಬ್ಬರನ್ನು ಕೂರಿಸಿದರು. ಇಲ್ಲಿ ಮಾತಾಡಿದ್ದನ್ನು ಅಲ್ಲಿ ಅವರು ಟೈಪ್ ಮಾಡಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು.

ನಿಮ್ಮ ಧ್ವನಿಯ ಆ್ಯಪಿಗೂ ಇದನ್ನೇ ಮಾಡಿ. ಮೇಸ್ತ್ರಿಯ ಕೈಗೆ ಒಂದು ಫೋನ್ ಕೊಟ್ಟು, ಇನ್ನೊಂದು ತುದಿಯಲ್ಲಿ ನೀವೇ ಕೂತು ಕೇಳಿದ್ದನ್ನು ಬರೆಯಿರಿ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಓಡುತ್ತಿರುವಾಗ, ಟ್ರ್ಯಾಕ್ಟರ್ ನಿಂತಲ್ಲೇ ಗುಡುಗುತ್ತಿರುವಾಗ, ಮೂವರು ಒಟ್ಟಿಗೆ ಮಾತಾಡುತ್ತಿರುವಾಗ ಮನುಷ್ಯರ ಕಿವಿಗೇ ಎಷ್ಟು ಕೇಳಿಸುತ್ತದೆ ಎಂದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ನಿಮಗೇ ಕೇಳಿಸದಿದ್ದರೆ ಆರು ತಿಂಗಳ ಕೋಡ್ ಉಳಿಯಿತು.

ಒದ್ದೆ ಕೈ, ಬಿಸಿಲು, ಸಿಗ್ನಲ್ ಬಗ್ಗೆ ನಿಮ್ಮ ಮಾತು ಸರಿ. ಅದಕ್ಕೆ ಕಾಗದ ಬೇಡ. ಒಂದೇ ಒಂದು ಬಟನ್ ಇರುವ, ಬೇರೇನೂ ಮಾಡದ ಸ್ಕ್ರೀನನ್ನು ನಿಜವಾದ ಫೋನಿಗೆ ಹಾಕಿ ತೋಟಕ್ಕೆ ಕಳಿಸಿ. ಅದೂ ಒರಟು ಮಾದರಿಯೇ. ಒರಟು ಎಂದರೆ ಕಾಗದ ಎಂದು ಯಾರೂ ಹೇಳಲಿಲ್ಲ. 2003ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕಾಗದದ ಮಾದರಿಯನ್ನೂ ಕಂಪ್ಯೂಟರಿನಲ್ಲೇ ಮಾಡಿದ ಒರಟು ಮಾದರಿಯನ್ನೂ ಹೋಲಿಸಿ ನೋಡಿದಾಗ, ಜನರಿಂದ ಬಂದ ಟೀಕೆ ಸಲಹೆಗಳ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬಳಸಿದವರು ಮಾತ್ರ ಕಂಪ್ಯೂಟರೇ ವಾಸಿ ಎಂದರು. ಆದ್ದರಿಂದ ಕಾಗದಕ್ಕೆ ಪೂಜೆ ಮಾಡಬೇಕಾಗಿಲ್ಲ.

ಗಿರಿಸಾಲು, ಚಿಕ್ಕಮಗಳೂರು | ಭಾನುವಾರ ರಾತ್ರಿ 8.15

ನಿನ್ನೆ ಹೋಗಿ ಬಂದೆವು. ರೈಟರ್ ಅವರು ಹೇಳಿದಂತೆ ಸಂಜೆ ನಾಲ್ಕೂವರೆಗೆ, ತೂಕದ ಜಾಗಕ್ಕೆ. ಹೋದದ್ದು ಆಲ್ದೂರು ದಾಟಿ ಮುಂದಿರುವ ಹನ್ನೆರಡು ಎಕರೆಯ ತೋಟಕ್ಕೆ. ಅರೇಬಿಕಾದ ಫ್ಲೈ ಪಿಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯುವ ಕೆಲಸ ನಡೆಯುತ್ತಿತ್ತು, ಕೆಲಸಕ್ಕಿದ್ದವರು ಹದಿನಾಲ್ಕು ಮಂದಿ. ಇಲ್ಲಿ ಬೇರೆ ರೈಟರ್ ಇಲ್ಲ. ಬೆಳೆಗಾರರೇ ತೂಕ ನೋಡಿ ತಾವೇ ಬರೆದುಕೊಳ್ಳುತ್ತಾರೆ.

ಮನೆಯಲ್ಲಿ ಬಿದ್ದಿದ್ದ ಮದುವೆ ಕರೆಯೋಲೆಗಳ ಹಿಂಬದಿಯನ್ನು 7 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದಕ್ಕೆ, ಅಂದರೆ ಹೆಚ್ಚುಕಡಿಮೆ ಫೋನಿನ ಅಳತೆಗೆ ಕತ್ತರಿಸಿಕೊಂಡಿದ್ದೆವು. ಮೇಷ್ಟ್ರ ಮಾತಿನಂತೆ ಅವರದೇ ಕಳೆದ ವರ್ಷದ ಪುಸ್ತಕದಿಂದ ಹೆಸರು, ತೂಕಗಳನ್ನು ಬರೆದುಕೊಂಡಿದ್ದೆವು. ಗೆಳೆಯ ಕಂಪ್ಯೂಟರಿನ ಪಾತ್ರ ವಹಿಸಿದ: ಅವರು ಬೆರಳಿಟ್ಟಲ್ಲಿ ಮುಂದಿನ ಕಾರ್ಡ್ ಇಡುವುದು, ಬಾಯಿ ಬಿಡದಿರುವುದು. ಬಾಯಿ ಬಿಡದಿರುವುದೇ ಅವನಿಗೆ ಕಷ್ಟವಾಯಿತು.

ಹೆಸರಿನ ಪಟ್ಟಿಯ ಕಾರ್ಡ್ ನೋಡುತ್ತಲೇ ಅವರು ನಕ್ಕುಬಿಟ್ಟರು. "ಲಕ್ಷ್ಮಿ, ಲಕ್ಷ್ಮಿ. ಯಾವ ಲಕ್ಷ್ಮಿ ಅಂತ ನಿಮ್ಮ ಫೋನಿಗೆ ಗೊತ್ತಾ?" ಎಂದರು. ಪುಸ್ತಕದಲ್ಲಿಯೂ ಎರಡು ಲಕ್ಷ್ಮಿ ಇದ್ದಾರಲ್ಲ ಎಂದು ಕೇಳಿದರೆ, ಮೇಲಿನ ಸಾಲಿನವಳು ಕೆರೆಮನೆ ಲಕ್ಷ್ಮಿ, ಕೆಳಗಿನವಳು ಟೈಲರ್ ಲಕ್ಷ್ಮಿ, ಪುಸ್ತಕದಲ್ಲಿ ಅವರ ಜಾಗ ಬದಲಾಗುವುದಿಲ್ಲ ಎಂದರು. ನಮ್ಮ ಹಳೆಯ ಆ್ಯಪ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತಿತ್ತು, ಹೊಸಬರು ಸೇರಿದ ಹಾಗೆಲ್ಲ ಎಲ್ಲರ ಜಾಗವೂ ಕದಲುತ್ತಿತ್ತು. ಅದೊಂದು ಒಳ್ಳೆಯ ಅನುಕೂಲವೆಂದು ನಾವು ಅಂದುಕೊಂಡಿದ್ದೆವು. (ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.)

ಆಮೇಲೆ ತೂಕ. ತಕ್ಕಡಿಯಲ್ಲಿ 48.5 ಬಂತು, ಅವರು ಕಾರ್ಡಿನ ಮೇಲೆ 47.5 ಎಂದು ಬರೆದರು. ತಪ್ಪಾಯಿತು ಎಂದು ಗೆಳೆಯ ಬಾಯಿ ತೆರೆಯುವಷ್ಟರಲ್ಲಿ ನಾನು ಅವನ ಕಾಲು ತುಳಿದೆ. ಮುಂದಿನ ಚೀಲ 39, ಬರೆದದ್ದು 37.5. ಮೂರನೆಯದಾದ ಮೇಲೆ ಕೇಳಿದಾಗ ತಿಳಿಯಿತು: ಒಣ ಗೋಣಿಗೆ ಒಂದು ಕಿಲೋ ಕಳೆಯುತ್ತಾರೆ, ಇಬ್ಬನಿಯಲ್ಲಿ ನೆನೆದ ಗೋಣಿಗೆ ಒಂದೂವರೆ. ಅದು ಯಾವ ಪುಸ್ತಕದಲ್ಲಿಯೂ ಇಲ್ಲ, ಅವರ ಕೈಯಲ್ಲಿದೆ. ಗೋಣಿಯನ್ನು ಮುಟ್ಟಿ ನೋಡಿಯೇ ಅವರು ಅಂಕಿ ಬರೆಯುತ್ತಿದ್ದುದು.

ನನಗೆ ಬಹಳ ಹಿಡಿಸಿದ್ದು ಅದಾದ ಮೇಲಿನ ಐದು ನಿಮಿಷ. ಗಂಡ ಹೆಂಡತಿ ಇಬ್ಬರೂ ಸೇರಿ ಕೊಯ್ದ ಹಣ್ಣು ಒಂದೇ ಚೀಲದಲ್ಲಿ ಬಂತು. ನಮ್ಮ ಕಾರ್ಡಿನಲ್ಲಿ ಒಂದು ಹೆಸರಿಗೆ ಒಂದು ತೂಕ. ಅವರು ಒಂದು ಕ್ಷಣ ಕಾರ್ಡನ್ನು ದಿಟ್ಟಿಸಿ, ಗೆಳೆಯನ ಕಿವಿಯ ಮೇಲಿದ್ದ ಪೆನ್ಸಿಲನ್ನು ತಾವೇ ತೆಗೆದುಕೊಂಡು, ಎರಡು ಹೆಸರನ್ನು ಸೇರಿಸಿ ಪಕ್ಕದಲ್ಲೊಂದು ಕಂಸ ಎಳೆದು, ಅದರ ಮುಂದೆ ತೂಕ ಬರೆದರು. "ಹೀಗೆ ಬರಲಿ, ಬಟವಾಡೆಗೆ ಅರ್ಧ ಅರ್ಧ ಮಾಡಿಕೊಳ್ಳಿ" ಎಂದು ಪೆನ್ಸಿಲ್ ವಾಪಸ್ ಕೊಟ್ಟರು. ಕಳೆದ ವರ್ಷದ 34 ಸ್ಕ್ರೀನ್‌ಗಳಿಗೆ ಯಾರೊಬ್ಬರೂ ಹೀಗೆ ಕೈಹಾಕಿರಲಿಲ್ಲ.

ಕೊನೆಗೆ ಮಳೆ. ಇದನ್ನು ಓದುವ ಬೇರೆ ಊರಿನವರಿಗಾಗಿ ಹೇಳುತ್ತೇನೆ: ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್‌ನಲ್ಲಿ ಹೇಳುತ್ತಾರೆ, 100 ಸೆಂಟ್‌ಗೆ ಒಂದು ಇಂಚು. ನಮ್ಮ ಹಳೆಯ ಆ್ಯಪ್ ಮಿಲಿಮೀಟರ್ ಕೇಳುತ್ತಿತ್ತು. ಈ ಸಲ ಜಾಣರಾಗಿ ಇಂಚಿಗೆ ಬದಲಿಸಿ ಒಂದೇ ಚೌಕ ಬಿಟ್ಟಿದ್ದೆವು. ಅಕ್ಟೋಬರಿನ ಒಂದು ದಿನದ 2 ಇಂಚು 5 ಸೆಂಟ್ ಮಳೆಯನ್ನು ತುಂಬಲು ಕೇಳಿದಾಗ ಅವರು ನಿಸ್ಸಂಕೋಚವಾಗಿ 2.5 ಎಂದು ಬರೆದರು. ಬರೆಯಬೇಕಾಗಿದ್ದದ್ದು 2.05. ಮೊದಲನೆಯದು 63.5 ಮಿ.ಮೀ. ಆಗುತ್ತದೆ, ನಿಜವಾದ ಮಳೆ 52 ಮಿ.ಮೀ. ಅವರ ತಪ್ಪೇನೂ ಇಲ್ಲ; ಆ ಚುಕ್ಕಿ ಅವರಿಗೆ ದಶಮಾಂಶವಲ್ಲ, ಇಂಚನ್ನೂ ಸೆಂಟನ್ನೂ ಬೇರ್ಪಡಿಸುವ ಗುರುತು. ಇದೇ ಸ್ಕ್ರೀನನ್ನು ಹಾಗೆಯೇ ಮಾಡಿಕೊಟ್ಟಿದ್ದರೆ ವರ್ಷಗಟ್ಟಲೆ ತಪ್ಪು ಲೆಕ್ಕ ಸೇರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಯೇ ಕಾರ್ಡನ್ನು ತಿರುಗಿಸಿ ಎರಡು ಚೌಕ ಎಳೆದೆವು, ಒಂದಕ್ಕೆ ಇಂಚು, ಇನ್ನೊಂದಕ್ಕೆ ಸೆಂಟ್.

ಮಕ್ಕಳಾಟ ಎಂದು ಅವರು ಅನ್ನಲಿಲ್ಲ. ಅವರ ಮೊಮ್ಮಗಳು ಮಾತ್ರ ಅಂದಳು, ಮತ್ತು ಎರಡು ಕಾರ್ಡ್ ಇಟ್ಟುಕೊಂಡಳು.

ಡೈರಿ_ಲೆಕ್ಕ, ಚನ್ನರಾಯಪಟ್ಟಣ | ಭಾನುವಾರ ರಾತ್ರಿ 8.52

ಕಾಲು ತುಳಿದದ್ದಕ್ಕೆ ನಿಮಗೆ ನಮಸ್ಕಾರ. ಆ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಬಾಯಿ ತೆರೆಯುತ್ತಿದ್ದೆ.

ಸಕಲೇಶಪುರ_ಕೋಡ್ | ಭಾನುವಾರ ರಾತ್ರಿ 9.30

ಮಳೆಯ ಚುಕ್ಕಿಯ ವಿಷಯದಲ್ಲಿ ಸೋಲೊಪ್ಪಿಕೊಂಡೆ. ನಾನಾಗಿದ್ದರೆ ದಶಮಾಂಶದ ಕೀಬೋರ್ಡ್ ಕೊಟ್ಟು ಹೆಮ್ಮೆಪಡುತ್ತಿದ್ದೆ. ಆದರೆ ಒಬ್ಬರಿಗೆ ತೋರಿಸಿದ ಮಾತ್ರಕ್ಕೆ ಸಾಕೇ? ಎಷ್ಟು ಜನರಿಗೆ ತೋರಿಸಬೇಕು ಎಂಬುದಕ್ಕೆ ಲೆಕ್ಕವೇನಾದರೂ ಇದೆಯೇ? ಇನ್ನೊಂದು, ಎರಡು ಲಕ್ಷ್ಮಿಯರ ತೊಂದರೆ ಗಿರಿಸಾಲು ಅವರ ಹಳೆಯ ಆ್ಯಪಿನ ಮೊದಲ ದಿನವೇ ಹೊರಬಂದಿರಬೇಕಲ್ಲ, ಆಗ ಯಾಕೆ ಯಾರೂ ಹೇಳಲಿಲ್ಲ?

ಹಾಸನದ_ಮೇಷ್ಟ್ರು | ಸೋಮವಾರ ಬೆಳಗ್ಗೆ 6.20

ಎರಡನೆಯ ಪ್ರಶ್ನೆಗೆ ಉತ್ತರ ಈಗಾಗಲೇ ರೈಟರ್ ಅವರ ಎರಡು ಪುಸ್ತಕಗಳಲ್ಲಿದೆ.

ಮೊದಲನೆಯದಕ್ಕೆ ಐದು ಎಂಬ ಅಂಕಿ ಬಹಳ ಓಡಾಡುತ್ತದೆ. ಜಾಕೊಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಒಂದು ತೊಡಕು ಒಬ್ಬ ಬಳಕೆದಾರರ ಕಣ್ಣಿಗೆ ಬೀಳುವ ಸಾಧ್ಯತೆ ಸರಾಸರಿ ಶೇ. 31 ಎಂದಿಟ್ಟುಕೊಂಡರೆ ಐದು ಜನರ ಹೊತ್ತಿಗೆ ಸುಮಾರು ಶೇ. 85ರಷ್ಟು ತೊಡಕುಗಳು ಹೊರಬಂದಿರುತ್ತವೆ. ಈ ಅಂಕಿಯನ್ನು ಜನ ಮಂತ್ರದಂತೆ ಹೇಳುತ್ತಾರೆ, ಆದರೆ ಆ ಶೇ. 31 ಎಂಬುದು ಎಲ್ಲ ಕೆಲಸಕ್ಕೂ ಒಂದೇ ಅಲ್ಲ. ನಿಮ್ಮ ಆ್ಯಪನ್ನು ಬಳಸುವವರಲ್ಲಿ ತಾವೇ ಬರೆಯುವ ಬೆಳೆಗಾರರು, ರೈಟರುಗಳು, ಮೇಸ್ತ್ರಿಗಳು ಎಂದು ಬೇರೆ ಬೇರೆ ಬಗೆಯವರಿದ್ದಾರೆ. ಐದು ಜನ ಬೆಳೆಗಾರರಿಗೆ ತೋರಿಸಿದರೆ ಮೇಸ್ತ್ರಿಯ ತೊಡಕು ಒಂದೂ ಕಾಣುವುದಿಲ್ಲ. ಒಂದೊಂದು ಬಗೆಯವರಲ್ಲಿ ಇಬ್ಬರು ಮೂವರಿಗೆ ತೋರಿಸಿ, ತಿದ್ದಿ, ಮತ್ತೆ ತೋರಿಸಿ.

ಇನ್ನೊಂದನ್ನು ಈ ಸಲ ಸೇರಿಸಿ ನೋಡಿ. ಒಂದೇ ಕಾರ್ಡನ್ನು ಒಯ್ಯಬೇಡಿ, ಒಂದೇ ಕೆಲಸಕ್ಕೆ ಮೂರು ಬಗೆಯ ಕಾರ್ಡ್ ಒಯ್ಯಿರಿ. ಮರ್ಯಮ್ ತೋಹಿದಿ, ಬಿಲ್ ಬಕ್ಸ್‌ಟನ್ ಮತ್ತಿತರರು 2006ರಲ್ಲಿ ಮನೆಯ ತಾಪಮಾನ ನಿಯಂತ್ರಿಸುವ ಸಾಧನದ ಕಾಗದದ ಮಾದರಿಗಳನ್ನು ತೋರಿಸಿದಾಗ, ಒಂದನ್ನಷ್ಟೇ ನೋಡಿದವರು ಅದಕ್ಕೆ ಹೆಚ್ಚು ಅಂಕ ಕೊಟ್ಟರು, ಮೂರನ್ನು ನೋಡಿದವರು ಬಿಗಿಯಾಗಿ ಅಂಕ ಕೊಟ್ಟು ತಪ್ಪನ್ನೂ ಬಾಯಿಬಿಟ್ಟು ಹೇಳಿದರು. ಒಂದನ್ನೇ ತಂದವರ ಎದುರು ಅದನ್ನು ಬೇಡವೆಂದರೆ ತಂದವರನ್ನೇ ಬೇಡವೆಂದಂತೆ ಕೇಳಿಸುತ್ತದೆ. ಮೂರಿದ್ದಾಗ ಒಂದನ್ನು ತಳ್ಳಿಹಾಕುವುದು ಸಂತೆಯಲ್ಲಿ ಕಾಯಿ ಆರಿಸಿದಷ್ಟೇ ಸಲೀಸು. ಹಿರಿಯರ ಎದುರು ತುಟಿ ಬಿಗಿಹಿಡಿಯುವ ನಮ್ಮ ಊರಿಗೆ ಇದು ಇನ್ನೂ ಹೆಚ್ಚು ಅಗತ್ಯವೆಂದು ನನ್ನ ಎಣಿಕೆ.

ಗಿರಿಸಾಲು, ಚಿಕ್ಕಮಗಳೂರು | ಸೋಮವಾರ ಮಧ್ಯಾಹ್ನ 2.10

ಹಾಜರಿಗೆ ಮೂರು ಬಗೆ ಮಾಡುತ್ತಿದ್ದೇವೆ. ಒಂದು ಸಾಲು ಪಟ್ಟಿ, ಇನ್ನೊಂದು ಫೋನನ್ನು ಅಡ್ಡ ಹಿಡಿದರೆ ತಿಂಗಳಿಡೀ ಕಾಣುವ ಚೆಕ್‌ರೋಲಿನಂಥ ಹಾಳೆ, ಮೂರನೆಯದು ಬರದವರನ್ನಷ್ಟೇ ಗುರುತು ಮಾಡುವುದು. ಮೂರನೆಯದು ನನಗೆ ಇಷ್ಟ, ಆದ್ದರಿಂದ ಅದನ್ನು ಗೆಳೆಯನೇ ತೋರಿಸಲಿ ಎಂದು ತೀರ್ಮಾನಿಸಿದ್ದೇವೆ; ನಾನು ತೋರಿಸಿದರೆ ಮುಖದಲ್ಲಿ ಗೊತ್ತಾಗಿಬಿಡುತ್ತದೆ. ಮಳೆಯ ಎರಡು ಚೌಕವನ್ನು ಮಾತ್ರ ಕಾಗದದಿಂದ ಫೋನಿಗೆ ದಾಟಿಸಿ, ಒದ್ದೆ ಬೆರಳಿನಲ್ಲಿ ಒತ್ತಿಸಿ ನೋಡುತ್ತೇವೆ. ರೈಟರ್ ಅವರೇ, ಮುಂದಿನ ಶನಿವಾರ ಮೂಡಿಗೆರೆ ಕಡೆ ಬಂದರೆ ನಿಮಗೂ ತೋರಿಸಬಹುದೇ?

ತೋಟದ_ರೈಟರ್ | ಸೋಮವಾರ ರಾತ್ರಿ 9.00

ಧಾರಾಳವಾಗಿ ಬನ್ನಿ ಸರ್. ಶನಿವಾರ ಬಟವಾಡೆ ಇರುತ್ತದೆ, ಐದು ಗಂಟೆಯವರೆಗೆ ನನಗೆ ತಲೆ ಎತ್ತಲು ಬಿಡುವಿಲ್ಲ, ಅದಾದ ಮೇಲೆ ಕೂರೋಣ. ಬರದವರನ್ನಷ್ಟೇ ಗುರುತು ಮಾಡುವುದು ಬೇಡವೆಂದು ಈಗಲೇ ಅನ್ನಿಸುತ್ತಿದೆ. ಗುರುತು ಹಾಕಲು ಮರೆತರೆ ಬರದವರಿಗೂ ಕೂಲಿ ಹೋಗುತ್ತದೆ, ಅದನ್ನು ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ಆದರೂ ತನ್ನಿ, ಕಾರ್ಡ್ ನೋಡಿಯೇ ಹೇಳುತ್ತೇನೆ. ಬಟವಾಡೆಯ ಕಾರ್ಡಿನಲ್ಲಿ ಸಂತೆ ಮುಂಗಡ ಕಳೆಯುವ ಜಾಗವನ್ನು ನೀವು ತುಂಬಿಸಬೇಡಿ, ಖಾಲಿ ಬಿಟ್ಟುಕೊಂಡು ಬನ್ನಿ. ಪೆನ್ಸಿಲ್ ನನ್ನ ಹತ್ತಿರವೇ ಇದೆ.